ವಿದ್ಯಾಜಾಲಕ್ಕೆ ಆಯುಧಪೂಜೆ

ನಮ್ಮ ಗುಂಡ್ಲುಪೇಟೆ ಕಾಲೇಜಿನಲ್ಲಿ ಏಸಿ ಇರುವುದು ಒಂದೇ ಒಂದು ಕೋಣೆಗೆ. ಅದು ಪ್ರಿನ್ಸಿಪಾಲರ ಕೋಣೆ ಎಂದು ನೀವು ಅಂದುಕೊಂಡಿದ್ದರೆ ನಿಮಗೆ ಕಾಲೇಜುಗಳ ಪರಿಚಯ ಸಾಲದು. ಅದು ಮೆಟ್ಟಿಲ ಕೆಳಗಿನ ಸ್ಟೋರ್ ರೂಮು. ಹಳೆಯ ಉತ್ತರಪತ್ರಿಕೆ, ಕಾಲು ಮುರಿದ ಬೆಂಚು, ಗಾಳಿ ಹೋದ ವಾಲಿಬಾಲು ಮತ್ತು ಹೆಗ್ಗಣಗಳ ಒಂದು ತುಂಬು ಕುಟುಂಬ ಅಲ್ಲಿ ಹದಿನೈದು ವರ್ಷ ಸುಖವಾಗಿದ್ದವು. ಕಳೆದ ಬೇಸಿಗೆಯಲ್ಲಿ ರಾಷ್ಟ್ರೀಯ ವಿದ್ಯಾಜಾಲ ಬಂತು, ಅವಕ್ಕೆಲ್ಲ ಎತ್ತಂಗಡಿಯಾಯಿತು.

ವಿದ್ಯಾಜಾಲ ಎಂದರೆ ದೇಶದ ವಿಶ್ವವಿದ್ಯಾಲಯ, ಕಾಲೇಜು, ಸಂಶೋಧನಾಲಯಗಳ ಕಂಪ್ಯೂಟರುಗಳನ್ನೆಲ್ಲ ಒಂದಕ್ಕೊಂದು ಜೋಡಿಸುವ ತಂತಿ. ಜನ ಮೊಬೈಲಿನಲ್ಲಿ ನೋಡುವ ಇಂಟರ್‌ನೆಟ್ಟೇ ಬೇರೆ, ಇದೇ ಬೇರೆ. ಇದು ಓದುವವರಿಗೂ ಸಂಶೋಧನೆ ಮಾಡುವವರಿಗೂ ಮೀಸಲು. ಈ ತಂತಿ ಮೈಸೂರು ಬಿಟ್ಟು, ಬೇಗೂರು ದಾಟಿ, ನಮ್ಮ ಸ್ಟೋರ್ ರೂಮಿನೊಳಗೆ ಹೊಕ್ಕು, ಒಂದು ಕಪ್ಪು ಡಬ್ಬಕ್ಕೆ ಸೇರುತ್ತದೆ. ಆ ಡಬ್ಬದಿಂದ ಎರಡು ಕವಲು. ಒಂದು ತೆರಕಣಾಂಬಿಯ ಮೇಲೆ ಚಾಮರಾಜನಗರಕ್ಕೆ, ಇನ್ನೊಂದು ಬಂಡೀಪುರದ ಹೆದ್ದಾರಿ ಹಿಡಿದು ಕೇರಳಕ್ಕೆ. ಈ ಕಾಲೇಜಿನ ಲೈಬ್ರರಿ ನೋಡಿಕೊಳ್ಳುವ ನಾನು ಇಷ್ಟನ್ನು ಕಾಗದ ಓದಿ ತಿಳಿದುಕೊಂಡೆ. ಪುಟ್ಟಮಲ್ಲಪ್ಪ ಓದದೆಯೇ ತಿಳಿದುಕೊಂಡ, ಅದೂ ನನಗಿಂತ ಜಾಸ್ತಿ.

ಪುಟ್ಟಮಲ್ಲಪ್ಪ ನಮ್ಮ ಅಟೆಂಡರು. ಇಪ್ಪತ್ತೆಂಟು ವರ್ಷದಿಂದ ಕಾಲೇಜಿನ ಗಂಟೆ ಹೊಡೆಯುವವನು ಅವನೇ. ಸ್ಟೋರ್ ರೂಮಿನ ಬೀಗದ ಕೈ ಅವನ ಉಡಿದಾರಕ್ಕೆ ಕಟ್ಟಿಕೊಂಡಿತ್ತು. ಜಾಲದ ಕಚೇರಿಯಿಂದ ಬಂದ ನಮೂನೆಯಲ್ಲಿ ‘ಕೇಂದ್ರದ ಇನ್‌ಚಾರ್ಜ್’ ಎಂಬ ಖಾಲಿ ಜಾಗವಿತ್ತು. ಪ್ರಿನ್ಸಿಪಾಲ್ ಮಂಗಳಗೌರಿ ಮೇಡಂ ಯಾವ ಮೇಷ್ಟರನ್ನು ಕೇಳಿದರೂ ಅವರಿಗೆ ಆ ದಿನವೇ ಸೊಂಟ ಹಿಡಿದುಕೊಂಡಿತು. ನನಗೂ ಹಿಡಿದುಕೊಂಡಿತೆಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಕೊನೆಗೆ ಮೇಡಂ ಬೀಗ ತೆಗೆಯಲು ಬಂದು ನಿಂತಿದ್ದವನ ಹೆಸರನ್ನೇ ಬರೆದರು. ಹೀಗೆ ಪುಟ್ಟಮಲ್ಲಪ್ಪ ಒಂದು ಮಧ್ಯಾಹ್ನ ಊಟಕ್ಕೆ ಮುಂಚೆ ರಾಷ್ಟ್ರೀಯ ಮಟ್ಟದ ಮನುಷ್ಯನಾದ.

ಸಂಜೆ ನಮ್ಮ ಬೀದಿಯಲ್ಲಿ ಅಪ್ಸರ್ ಪಾಷಾನ ವೆಲ್ಡಿಂಗ್ ಅಂಗಡಿಯ ಮುಂದೆ ಅವನ ಭಾಷಣವಾಯಿತು.

"ಏನ್ ಸಾಮಾನ್ಯ ಅಂದ್ಕಂಡಿದ್ದೀರಾ? ದೆಲ್ಲೀಲಿ ಕೂತಿರೋ ಪ್ರೊಫೆಸರು ಕೇರಳದ ಪ್ರೊಫೆಸರ್‌ನ ಏನಾದ್ರೂ ಕೇಳ್ಬೇಕು ಅಂದ್ರೆ, ಆ ಪ್ರಶ್ನೆ ನನ್ ರೂಮ್ಗೆ ಬಂದೇ ಓಗ್ಬೇಕು. ನಾನು ಬುಟ್ರೆ ಉಂಟು, ಬುಡ್ದೇ ಇದ್ರೆ ಇಲ್ಲ."

ಬೀದಿ ನಂಬಿತು. ಎದುರುಮನೆ ದೊಡ್ಡಮಾದಮ್ಮ, ಮೊಮ್ಮಗಳ ಪ್ರಶ್ನೆಪತ್ರಿಕೆ ಆ ದಾರಿಯಲ್ಲಿ ಹೋಗುವಾಗ ಒಂದು ಗಳಿಗೆ ತಡೆದು ನಿಲ್ಲಿಸಿ ನೋಡಲಾಗುತ್ತದೆಯೇ ಎಂದು ವಿಚಾರಿಸಿದಳು. "ರೂಲ್ಸ್ ಇಲ್ಲ ಕಣವ್ವ" ಎಂದ ಪುಟ್ಟಮಲ್ಲಪ್ಪ. ರೂಲ್ಸ್ ಒಂದು ಇದ್ದಿದ್ದರೆ ಮಿಕ್ಕದ್ದೆಲ್ಲ ತನ್ನ ಕೈಯಲ್ಲೇ ಇದೆ ಎಂಬಂತಿತ್ತು ಅವನ ದನಿ.

ನಂಬದವನು ಒಬ್ಬನೇ, ಮರಿಯಪ್ಪ. ಪುಟ್ಟಮಲ್ಲಪ್ಪನ ಹೆಂಡತಿ ಸೋಮಮ್ಮನ ಅಣ್ಣ, ಬೀದಿಯ ಕೊನೆಯ ಹಿಟ್ಟಿನ ಮಿಲ್ಲಿನ ಮಾಲೀಕ. ತಂಗಿಯನ್ನು ಗಂಟೆ ಹೊಡೆಯುವವನಿಗೆ ಕೊಟ್ಟೆವೆಂಬ ಕೊರಗನ್ನು ಇಪ್ಪತ್ತಾರು ವರ್ಷದಿಂದ ಜೋಪಾನವಾಗಿ ಸಾಕಿಕೊಂಡು ಬಂದವನು.

"ಎಷ್ಟ್ ಲೈಟ್ ಅವ್ಲಾ ನಿನ್ ಡಬ್ಬದಲ್ಲಿ?"

"ನಾಕು, ಬಾವ."

"ನಮ್ ಮಿಲ್ ಬೋರ್ಡಲ್ಲಿ ಆರ್ ಅವೆ. ನಾನ್ ಎಂದಾರಾ ದೇಸ ನಡಸ್ತಾ ಇವ್ನಿ ಅಂದಿದ್ದೀನಾ?"

ಬೀದಿ ನಕ್ಕಿತು. ಪುಟ್ಟಮಲ್ಲಪ್ಪನೂ ನಕ್ಕ, ಆದರೆ ಆ ರಾತ್ರಿ ಊಟ ಮಾಡಲಿಲ್ಲವೆಂದು ಸೋಮಮ್ಮ ನಮ್ಮ ಮನೆಯಲ್ಲಿ ಹೇಳಿದಳು.

ಇದೇ ಮರಿಯಪ್ಪನಿಗೆ ಒಬ್ಬಳೇ ಮಗಳು ಹರ್ಷಿತಾ. ನಮ್ಮ ಕಾಲೇಜಿನಲ್ಲೇ ಬಿಎಸ್ಸಿ ಕೊನೆಯ ವರ್ಷ. ನನ್ನ ಲೈಬ್ರರಿಯ ಕಂಪ್ಯೂಟರ್ ಪುಸ್ತಕಗಳನ್ನೆಲ್ಲ ಓದಿ ಮುಗಿಸಿ, ಅವುಗಳಲ್ಲಿ ತಪ್ಪಿರುವ ಪುಟಗಳ ಪಟ್ಟಿ ಕೊಟ್ಟ ಹುಡುಗಿ. ಉತ್ತರದ ಕಡೆಯ ದೊಡ್ಡ ಸಂಶೋಧನಾ ಸಂಸ್ಥೆಯೊಂದರ ಲಿಖಿತ ಪರೀಕ್ಷೆ ಬರೆದು ಪಾಸಾಗಿದ್ದಳು. ಉಳಿದದ್ದು ಸಂದರ್ಶನ. ಅದನ್ನು ಮನೆಯಲ್ಲಿ ಮೊಬೈಲ್ ಹಿಡಿದುಕೊಂಡು ಮಾಡುವಂತಿಲ್ಲ, ವಿದ್ಯಾಜಾಲದ ಕೇಂದ್ರದಲ್ಲೇ ಕೂತು ದೊಡ್ಡ ಪರದೆಯಲ್ಲಿ ಮಾತಾಡಬೇಕು. ದಿನ ಗೊತ್ತಾಯಿತು. ಆಯುಧಪೂಜೆಯ ದಿನ ಮಧ್ಯಾಹ್ನ ಮೂರು ಗಂಟೆ. ಉತ್ತರದವರಿಗೆ ಹಬ್ಬ ಮಾರನೆಯ ದಿನ, ನಮ್ಮ ಸಂಕಟ ಅವರಿಗೇನು ಗೊತ್ತು. ತಪ್ಪಿದರೆ ಇನ್ನೊಂದು ದಿನ ಕೊಡುವುದಿಲ್ಲವೆಂದು ಕಾಗದದಲ್ಲಿ ಎರಡು ಸಲ ಬರೆದಿದ್ದರು. ಸೀಟು ಸಿಕ್ಕಿದರೆ ಕಳಿಸುತ್ತೇನೆ, ಸಿಗದಿದ್ದರೆ ಸುಮ್ಮನೆ ಬಂದು ಮಿಲ್ಲಿನಲ್ಲಿ ನನ್ನ ಸ್ಟೂಲಿನ ಮೇಲೆ ಕೂರಬೇಕು ಎಂದು ಮರಿಯಪ್ಪ ಮಗಳಿಂದ ಮಾತು ತೆಗೆದುಕೊಂಡಿದ್ದ. ಹುಡುಗಿ ಮೂರು ತಿಂಗಳಿಂದ ಆ ಸ್ಟೂಲಿನ ಕಡೆ ತಿರುಗಿಯೂ ನೋಡಿರಲಿಲ್ಲ.

ಆಯುಧಪೂಜೆ ಬಂತು. ನಮ್ಮ ಬೀದಿಯಲ್ಲಿ ಆ ದಿನ ಪ್ರತಿಯೊಬ್ಬನಿಗೂ ಕೂರಿಸಿ ಪೂಜೆ ಮಾಡಲು ಏನಾದರೊಂದು ಇರುತ್ತದೆ. ಮರಿಯಪ್ಪ ಮಿಲ್ಲು ನಿಲ್ಲಿಸಿ, ತೊಳೆದು, ವಿಭೂತಿ ಬಳಿದು, ಬೆಲ್ಟಿಗೆ ಚೆಂಡು ಹೂವಿನ ಹಾರ ಹಾಕುತ್ತಾನೆ. ಅಪ್ಸರ್ ಪಾಷಾನ ಅಂಗಡಿಯ ಕೆಲಸಗಾರರು ವೆಲ್ಡಿಂಗ್ ಮೆಷಿನ್ನಿಗೆ ಪೂಜೆ ಮಾಡುತ್ತಾರೆ, ಅವನು ಪಕ್ಕದಲ್ಲಿ ನಿಂತು ಎಲ್ಲರಿಗೂ ಪುರಿ ಹಂಚುತ್ತಾನೆ. ಇಪ್ಪತ್ತೆಂಟು ವರ್ಷದಿಂದ ಪುಟ್ಟಮಲ್ಲಪ್ಪನಿಗೆ ಇದ್ದದ್ದು ಗಂಟೆ ಹೊಡೆಯುವ ಸುತ್ತಿಗೆಯೊಂದೇ. ಅದಕ್ಕೊಂದು ಕುಂಕುಮದ ಬೊಟ್ಟಿಟ್ಟು ಎರಡು ನಿಮಿಷದಲ್ಲಿ ಮನೆಗೆ ಬರುತ್ತಿದ್ದ. ಪೂಜೆಗೆ ಬನ್ನಿ ಎಂದು ಯಾರನ್ನೂ ಕರೆದವನಲ್ಲ, ಕರೆಯುವಂಥದ್ದು ಏನಿತ್ತು? ಈ ಸಲ ಇಡೀ ಬೀದಿಯನ್ನು ಕರೆದ. ಮನೆಮನೆಗೆ ಹೋಗಿ, ಹೆಂಡತಿಯ ಕೈಯಲ್ಲಿ ಕುಂಕುಮದ ಬಟ್ಟಲು ಹಿಡಿಸಿ ಕರೆದ.

ಹತ್ತು ಗಂಟೆಗೆ ನಾವೆಲ್ಲ ಸ್ಟೋರ್ ರೂಮಿನಲ್ಲಿದ್ದೆವು. ಬಾಗಿಲಿಗೆ ಬಾಳೆಕಂದು, ಡಬ್ಬಕ್ಕೆ ಮೂರು ಮೊಳ ಚೆಂಡು ಹೂವು, ಏಸಿಗೂ ಒಂದು ಹಾರ. ನೆಲದ ಮೇಲೆ ಎರಡು ದೀಪ. ಪುಟ್ಟಮಲ್ಲಪ್ಪ ಹೊಸ ಪಂಚೆ ಉಟ್ಟು, ಡಬ್ಬದ ಹಣೆ ಎಲ್ಲಿದೆ ಎಂದು ಸ್ವಲ್ಪ ಹೊತ್ತು ಯೋಚಿಸಿ, ಕುಂಕುಮದ ಬೆರಳನ್ನು ಮುಂದೆ ಚಾಚಿದ.

"ತಡಿಲಾ" ಎಂದ ಮರಿಯಪ್ಪ. "ಓಡ್ತಾ ಇರೋ ಮಿಸನ್ಗೆ ಪೂಜೆ ಮಾಡ್ತಾರಾ?"

"ಯಾಕ್ ಬಾವ?"

"ಆಯ್ದ ಅಂದ್ಮೇಲೆ ಇವತ್ತು ಕೂರಿಸ್ಬೇಕು, ನಾಳೆ ಎತ್ತಬೇಕು. ನಾನು ಮಿಲ್ಲು ಓಡುಸ್ಕಂಡು ಕುಂಕುಮ ಇಕ್ತೀನಾ? ಕೈ ಓಯ್ತದೆ ಅಷ್ಟೆ. ವರ್ಸೆಲ್ಲಾ ದುಡಿಯೋದು ಅದು, ಒಂದ್ ದಿನ ರೆಸ್ಟ್ ಕೊಡಲ್ವಾ ನೀನು?"

ಪುಟ್ಟಮಲ್ಲಪ್ಪನ ಬೆರಳು ಗಾಳಿಯಲ್ಲೇ ನಿಂತಿತು. "ಮಗೀಗೆ ಮೂರ್ ಗಂಟ್ಗೆ ಇಂಟರ್ವ್ಯೂ ಅದೆ ಬಾವ."

"ಅವಳು ಮಾತಾಡಾದು ಮೇಲಿನ್ ರೂಮಿನ್ ಟೀವೀಲಿ. ಅದ್ನ ನೀನ್ ಮುಟ್ಬೇಡ. ಇದ್ನ ಆಫ್ ಮಾಡುದ್ರೆ ಏನಾದ್ದು? ದೇಸ ನಿಂತೋದ್ದಾ?"

ಕೊನೆಯ ಮಾತು ನಾಟಿತು. ಆದರೂ ಪುಟ್ಟಮಲ್ಲಪ್ಪ ಯೋಚನೆ ಮಾಡದ ಮನುಷ್ಯನಲ್ಲ, ತಪ್ಪಾಗಿ ಮಾಡುತ್ತಾನೆ ಅಷ್ಟೆ. ಮನೆಯ ಬೋರಿನ ಮೋಟಾರು ನಿಲ್ಲಿಸಿದ ಮೇಲೂ ಟ್ಯಾಂಕಿನಲ್ಲಿರುವ ನೀರು ಸಂಜೆಯವರೆಗೆ ನಲ್ಲಿಯಲ್ಲಿ ಬರುತ್ತದೆ. ಬೆಳಗಿನಿಂದ ಜಾಲ ಓಡಿದೆ, ಮೇಲಿನ ಟೀವಿಯವರೆಗೆ ತಂತಿಯ ತುಂಬ ತುಂಬಿಕೊಂಡಿರುತ್ತದೆ, ಹುಡುಗಿಯ ಅರ್ಧ ಗಂಟೆಗೆ ಧಾರಾಳವಾಗಿ ಸಾಕು. ಇದನ್ನು ಅವನು ನನಗೆ ಪಿಸುಮಾತಿನಲ್ಲಿ ವಿವರಿಸಿ, "ಅಲ್ವಾ ಮೇಷ್ಟ್ರೇ?" ಎಂದು ಕೇಳಿದ. ಅಲ್ಲ ಎಂದು ನಾನು ಹೇಳಬೇಕಿತ್ತು. ಬಾಯಲ್ಲಿ ಪುರಿ ಇತ್ತು. ನುಂಗುವಷ್ಟರಲ್ಲಿ ಅವನು ಗೋಡೆಯ ಸ್ವಿಚ್ಚಿಗೆ ಕೈಮುಗಿದು ಕೆಳಗೆ ಒತ್ತಿಬಿಟ್ಟಿದ್ದ. ನಾಲ್ಕೂ ದೀಪ ಆರಿದವು. ಹತ್ತು ಗಂಟೆ ನಲವತ್ತು ನಿಮಿಷ.

ಎಲ್ಲರೂ ಉಸಿರು ಹಿಡಿದು ನಿಂತರು. ಆಗಲೇ ಅಪ್ಸರ್ ಪಾಷಾನ ಮೊಬೈಲು ಬಡಿದುಕೊಂಡಿತು. ಯಾರೋ ಗೇಟು ಮಾಡಿಸುವವರು. ದೊಡ್ಡಮಾದಮ್ಮನ ಮೊಮ್ಮಗಳು ತನ್ನ ಮೊಬೈಲಿನಲ್ಲಿ ಯಾವುದೋ ಕುಣಿತ ನೋಡುತ್ತಲೇ ಇದ್ದಳು. ಮರಿಯಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ.

"ಎಲ್ಲಿಲಾ? ಎಲ್ಲಿ ನಿಂತೋಯ್ತು ನಿನ್ ದೇಸ?"

ಪುಟ್ಟಮಲ್ಲಪ್ಪ ಮಂಗಳಾರತಿ ಎತ್ತಿದ. ಬೂದುಗುಂಬಳ ಒಡೆದ. ಅದರೊಳಗಿನ ಕುಂಕುಮ ಅವನ ಹೊಸ ಪಂಚೆಯ ಮೇಲೆಲ್ಲ ಎರಚಿತು. ಅಷ್ಟರಲ್ಲಿ ಅವನದೇ ಫೋನು ಬಂತು. ಮೈಸೂರಿನ ಜಾಲ ಕಚೇರಿಯಿಂದ ಪ್ರದೀಪ್ ಎಂಬ ಎಂಜಿನಿಯರು.

"ಗುಂಡ್ಲುಪೇಟೆ ಕೇಂದ್ರದ ಇನ್‌ಚಾರ್ಜ್ ಯಾರ್ರೀ? ಏನಾಗಿದೆ ಅಲ್ಲಿ?"

"ಪೂಜೆ ಆಯ್ತು ಸ್ವಾಮಿ. ಈಗ ಪುರಿ ಹಂಚ್ತಾ ಇವ್ನಿ."

"ಪುರಿ ಕೇಳಲಿಲ್ಲ! ಹತ್ತೂ ನಲವತ್ತಕ್ಕೆ ಲೈನ್ ಸತ್ತಿದೆ. ಚಾಮರಾಜನಗರ ಇಲ್ಲ, ಕೇರಳದ ಕಡೆ ಮೂರು ಯೂನಿವರ್ಸಿಟಿ ಇಲ್ಲ, ಒಟ್ಟು ಏಳು ಕಡೆ ಸತ್ತಿದೆ!"

ಪುಟ್ಟಮಲ್ಲಪ್ಪನ ಮುಖದಲ್ಲಿ ಒಂದು ಬೆಳಕು ಬಂದದ್ದನ್ನು ನಾನು ಕಣ್ಣಾರೆ ಕಂಡೆ. ಫೋನನ್ನು ಸ್ಪೀಕರಿಗೆ ಹಾಕಿ ಮರಿಯಪ್ಪನ ಕಡೆ ಹಿಡಿದ. "ಇನ್ನೊಂದ್ ಸಲ ಯೋಳಿ ಸ್ವಾಮಿ, ಎಷ್ಟ್ ಕಡೆ?"

"ಏಳು!"

"ಅದು ನಾನೇ ಸ್ವಾಮಿ. ನಾನೇ ಆಫ್ ಮಾಡಿವ್ನಿ. ಆಯ್ದ ಪೂಜೆ ಅಲ್ವಾ, ನಾಳೆ ಬೆಳಗ್ಗೆ ಪೂಜೆ ಮಾಡಿ ಆನ್ ಮಾಡ್ತೀನಿ."

ಆ ಕಡೆಯಿಂದ ನಗು ಕೇಳಿಸಿತು. "ನೋಡಿ, ನೀವೊಬ್ರು ಆಫ್ ಮಾಡಿದ್ರೆ ಇಷ್ಟೆಲ್ಲಾ ನಿಲ್ಲೋದಕ್ಕೆ ಸಾಧ್ಯಾನೇ ಇಲ್ಲ. ನಮ್ಮ ಲೈನು ಬಳೆ ಇದ್ದ ಹಾಗೆ ಸುತ್ತ ಇದೆ. ಒಂದು ಕಡೆ ಮುಚ್ಚಿದ್ರೆ ಇನ್ನೊಂದು ಕಡೆಯಿಂದ ತಾನಾಗೇ ಹೋಗುತ್ತೆ. ನಕ್ಷೆ ನನ್ನ ಎದುರಿಗೇ ಇದೆ. ಇದು ನಿಲ್ಲಬೇಕಾದ್ರೆ ಒಂದೇ ಸಲ ಎರಡು ಜಾಗದಲ್ಲಿ ಕಡಿದಿರಬೇಕು. ನಾವು ಬರೋವರೆಗೆ ನೀವು ಅಲ್ಲಿ ಏನನ್ನೂ ಮುಟ್ಟಬೇಡಿ. ಧೂಳು ಸಹ ಒರೆಸಬೇಡಿ."

"ಸ್ವಾಮಿ, ಸ್ವಿಚ್ಚು..."

"ಮುಟ್ಟಬೇಡಿ ಅಂದೆ!"

ದೇಶವನ್ನು ನಿಲ್ಲಿಸಿದ ಮನುಷ್ಯನಿಗೆ ನೀನು ನಿಲ್ಲಿಸಿಲ್ಲ ಎಂದು ಹೇಳಿದರೆ ಅವನಿಗೆ ಹೇಗಾಗಬೇಡ? ಪುಟ್ಟಮಲ್ಲಪ್ಪ ಪುರಿಯ ಬುಟ್ಟಿ ಹಿಡಿದುಕೊಂಡು ಗೋಡೆಗೆ ಒರಗಿದ.

ಮುಂದೆ ನಡೆದದ್ದು ಇಲಾಖೆಗಳ ಕೆಲಸ. ಎರಡು ಜಾಗದಲ್ಲಿ ಕಡಿದಿದೆ ಎಂದು ನಕ್ಷೆ ಹೇಳುತ್ತದೆ. ತಂತಿ ಹೋಗುವುದು ಬಂಡೀಪುರದ ಮೇಲೆ. ಹಾಗಾದರೆ ಆನೆ. ಒಂದು ಆನೆ ಒಂದೇ ಹೊತ್ತಿನಲ್ಲಿ ಎರಡು ಕಡೆ ಇರಲಾರದು. ಹಾಗಾದರೆ ಎರಡು ಆನೆ. ಹನ್ನೊಂದೂವರೆಗೆ ಅರಣ್ಯ ಇಲಾಖೆಯವರಿಗೆ ಫೋನು ಹೋಯಿತು. ಹೆದ್ದಾರಿಯ ಉದ್ದಕ್ಕೂ ಜೀಪು ಓಡಾಡಿತು. ಹನ್ನೆರಡೂವರೆಗೆ ಅಲ್ಲಿಂದ ಉತ್ತರ ಬಂತು. ಆನೆಗಳು ಕೆರೆಯ ಹತ್ತಿರ ಸುಮ್ಮನೆ ನಿಂತಿವೆ, ಅವುಗಳ ಮೇಲೆ ಇಲ್ಲದ ಅಪವಾದ ಹೊರಿಸಬೇಡಿ ಎಂದು. ಆನೆ ಅಲ್ಲ ಅಂದಮೇಲೆ ಮನುಷ್ಯ. ಎರಡು ಜಾಗದಲ್ಲಿ ಒಂದೇ ನಿಮಿಷಕ್ಕೆ ಕಡಿಯುವ ಮನುಷ್ಯ ಎಂದರೆ ಒಬ್ಬನಲ್ಲ, ಒಂದು ಗುಂಪು. ಒಂದು ಗಂಟೆಗೆ ನಮ್ಮ ಸ್ಟೋರ್ ರೂಮಿನ ಬಾಗಿಲಿಗೆ ಪೊಲೀಸ್ ಪೇದೆಯೊಬ್ಬ ಬಂದು ಕುರ್ಚಿ ಹಾಕಿಕೊಂಡ.

"ಯಾರೂ ಒಳಗೆ ಓಗಂಗಿಲ್ಲ" ಎಂದ. ಪುರಿ ಕೊಟ್ಟರೆ ತಗೊಂಡ.

"ಸಾರ್, ಕಡ್ದಿರೋರು ಯಾರೂ ಇಲ್ಲ. ನಾನೇ ಸ್ವಿಚ್ ಆಫ್ ಮಾಡಿವ್ನಿ" ಎಂದು ಪುಟ್ಟಮಲ್ಲಪ್ಪ ಅವನಿಗೂ ಅರಿಕೆ ಮಾಡಿಕೊಂಡ.

ಪೇದೆ ಅವನ ಪಂಚೆಯ ಮೇಲಿನ ಕೆಂಪು ನೋಡಿ, ಅದು ಕುಂಕುಮವೆಂದು ಮುಟ್ಟಿ ಖಾತ್ರಿ ಮಾಡಿಕೊಂಡು, "ನಿಮಗೆ ಹುಷಾರಿಲ್ಲ, ಹೋಗಿ ಊಟ ಮಾಡಿ" ಎಂದು ಪ್ರೀತಿಯಿಂದಲೇ ಹೇಳಿದ.

ಮೈಸೂರಿನ ತಾಯಿ ಮನೆಯಲ್ಲಿ ಹಬ್ಬ ಮಾಡುತ್ತಿದ್ದ ಮಂಗಳಗೌರಿ ಮೇಡಂ ಹೋಳಿಗೆ ಬಿಟ್ಟು ಕಾರು ಹತ್ತಿದರು. ಹತ್ತುವ ಮುಂಚೆ ಅವರೂ ಫೋನು ಮಾಡಿ ಹೇಳಿದ್ದು ಅದನ್ನೇ. "ಪುಟ್ಟಮಲ್ಲಪ್ಪ, ಏನನ್ನೂ ಮುಟ್ಟಬೇಡಿ." ಎಂಜಿನಿಯರ್ ಪ್ರದೀಪನ ಜೀಪು ಬೇರೆ ದಸರಾ ಜನಜಂಗುಳಿಯಲ್ಲಿ ಸಿಕ್ಕಿಕೊಂಡಿದೆಯೆಂದೂ ಸುದ್ದಿ ಬಂತು. ಇಪ್ಪತ್ತೆಂಟು ವರ್ಷದಲ್ಲಿ ಪುಟ್ಟಮಲ್ಲಪ್ಪ ಮೇಲಿನವರ ಮಾತು ಮೀರಿದವನಲ್ಲ. ಸ್ವಿಚ್ಚು ಬಾಗಿಲಿನಿಂದ ಕಾಣುತ್ತಿತ್ತು. ಅವನು ಅದನ್ನು ನೋಡುತ್ತಾ ನಿಂತ, ಅದು ಅವನನ್ನು ನೋಡುತ್ತಾ ನಿಂತಿತು.

ಎರಡು ಗಂಟೆಗೆ ಹರ್ಷಿತಾ ಬಂದಳು. ಜೊತೆಗೆ ಇಸ್ತ್ರಿ ಮಾಡಿದ ಅಂಗಿಯಲ್ಲಿ ಅವಳಪ್ಪ. ಮೇಲಿನ ಕೋಣೆಗೆ ಹೋಗಿ ಟೀವಿ ಹಾಕಿದರು. ಪರದೆ ಕಪ್ಪಗಿತ್ತು. ಹುಡುಗಿ ಕೆಳಗೆ ಓಡಿ ಬಂದಳು.

"ಮಾವ, ಲೈನ್ ಬರ್ತಾ ಇಲ್ಲ!"

"ಬತ್ತದೆ ಕಣಮ್ಮಿ, ತಂತೀಲಿ ತುಂಬ್ಕಂಡಿರ್ತದೆ" ಎಂದು ಪುಟ್ಟಮಲ್ಲಪ್ಪ ಟ್ಯಾಂಕು, ಮೋಟಾರು, ನಲ್ಲಿ, ಎಂಜಿನಿಯರು ಹೇಳಿದ ಬಳೆ, ಏಳು ಕಡೆ ಸತ್ತ ಲೈನು ಎಲ್ಲವನ್ನೂ ವಿವರಿಸಿದ. ಕೇಳುತ್ತಾ ಕೇಳುತ್ತಾ ಹುಡುಗಿಯ ಕಣ್ಣು ತುಂಬಿದವು. "ತುಂಬ್ಕೊಳ್ಳಲ್ಲ ಮಾವ. ಆಫ್ ಆದ ಕ್ಷಣಾನೇ ಹೋಗುತ್ತೆ" ಎಂದಳು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವಳು ಬೈಯಲಿಲ್ಲ. ಪುಟ್ಟಮಲ್ಲಪ್ಪ ಮೆಟ್ಟಿಲ ಮೇಲೆ ಕೂತ.

ಮರಿಯಪ್ಪನಿಗೆ ಆಗ ಅರ್ಥವಾಯಿತು. ಅವನು ಸ್ಟೋರ್ ರೂಮಿನ ಬಾಗಿಲಿಗೆ ನುಗ್ಗಿದ. ಪೇದೆ ಲಾಠಿ ಅಡ್ಡ ಹಿಡಿದ.

"ಅಬ್ಬ ಗಿಬ್ಬ ಎಲ್ಲಾ ಬುಡ್ಲಾ ಪುಟ್ಮಲ್ಲ! ಆಕ್ಲಾ ಸ್ವಿಚ್ಚು!"

"ನೀನೇ ಅಂದಲ್ಲ ಬಾವ, ಇವತ್ತು ಕೂರಿಸ್ಬೇಕು, ನಾಳೆ ಎತ್ತಬೇಕು ಅಂತ?"

"ನಾನು ಸಾವ್ರ ಅಂತೀನಿ, ನನ್ ಮಾತ್ ಯಾವನ್ ಕೇಳ್ದ? ಕಾಲ್ ಇಡ್ಕತೀನಿ, ಆಕ್ಲಾ!"

"ಮೈಸೂರ್ನೋರು ಮುಟ್ಬೇಡ ಅಂದವ್ರೆ, ಮೇಡಮ್ಮೋರು ಮುಟ್ಬೇಡ ಅಂದವ್ರೆ, ಪೊಲೀಸ್ನೋರು ಕೂತವ್ರೆ. ನಾನೇ ಆಫ್ ಮಾಡಿವ್ನಿ ಅಂತ ಬೆಳಗಿಂದ ಬಡ್ಕತಾ ಇವ್ನಿ, ಒಬ್ಬ ನಂಬುದ್ನಾ?"

ಹರ್ಷಿತಾ ತಲೆ ಎತ್ತಿದಳು. "ಮಾವ, ನೀವು ಆಫ್ ಮಾಡಿದ್ದು ಎಷ್ಟು ಗಂಟೆಗೆ?"

"ಹತ್ತೂ ನಲವತ್ತು. ಮೇಷ್ಟ್ರು ಗಡಿಯಾರ ನೋಡಿದ್ರು." ನಾನು ಹೌದೆಂದೆ. ನಾನು ಆ ದಿನ ಮಾಡಿದ ಉಪಕಾರ ಅಷ್ಟೇ.

"ಏಳು ಕಡೆ ನಿಂತಿದ್ದು?"

"ಹತ್ತೂ ನಲವತ್ತು ಅಂತಲೇ ಅವರು ಅಂದದ್ದು" ಎಂದೆ.

ಹುಡುಗಿ ಅಲ್ಲೇ ನೆಲದ ಮೇಲೆ ಕೂತು, ಫೈಲಿನ ಹಿಂದೆ ಒಂದು ಗುಂಡನೆಯ ಚಿತ್ರ ಬರೆದು, ಅದರಲ್ಲಿ ಅರ್ಧ ಅಳಿಸಿ, ಅದನ್ನೇ ನೋಡುತ್ತಾ ಕೂತಳು. ಅಳು ನಿಂತಿತ್ತು. ಏನು ಹೊಳೆಯಿತೋ ನಮಗೆ ಹೇಳಲಿಲ್ಲ.

ಎರಡೂ ನಲವತ್ತಕ್ಕೆ ಮೇಡಂ ಬಂದರು. ಸ್ವಿಚ್ಚು ಹಾಕಬಹುದೇ ಎಂದು ಎಲ್ಲರೂ ಅವರನ್ನು ಮುತ್ತಿಕೊಂಡೆವು. ಅವರು 'ಹಾಕಿ' ಎನ್ನಲು ಬಾಯಿ ತೆರೆದು, ಪೊಲೀಸಿನವನನ್ನು ಕಂಡು, 'ಲಿಖಿತ ಆದೇಶ ಬೇಕು' ಎಂದು ಮುಚ್ಚಿದರು. ಪ್ರದೀಪನಿಗೆ ಫೋನು ಹಚ್ಚಿದರೆ ಬೇಗೂರಿನ ಬ್ಯಾಂಡ್‌ಸೆಟ್ಟೇ ಕೇಳಿಸಿತು.

ಬೆಳಗ್ಗೆ ನಾಲ್ಕಕ್ಕೆ ಎದ್ದು ಬೀದಿಗೆಲ್ಲ ಸಿಹಿ ಮಾಡಿದ ಸೋಮಮ್ಮ, ಮೆಟ್ಟಿಲ ಪಕ್ಕ ಎಣ್ಣೆಯ ಗಿಂಡಿ ಹಿಡಿದು ನಿಂತಿದ್ದಳು. ಈಗ ಗಂಡನ ಕಡೆ ಒಂದು ಸಲ, ಅಣ್ಣನ ಕಡೆ ಒಂದು ಸಲ ನೋಡಿದಳು.

"ಆಯ್ದಕ್ಕೆ ರೆಸ್ಟಂತೆ ರೆಸ್ಟು. ನಿಮ್ ಮಿಲ್ಲು ಕೂತ್ಕತದೆ, ನಿಮ್ ಡಬ್ಬ ಕೂತ್ಕತದೆ. ಮದ್ವೆ ಆದಾಗ್ಲಿಂದ ನನ್ ಒಲೆ ಯಾವತ್ತಾದ್ರೂ ಕೂತ್ಕಂಡದಾ? ಕುಂಕುಮ ಇಕ್ಕಿ ಅದರ್ ಮೇಲೇ ಎಸ್ರಿಡ್ತೀನಿ. ಯಾವ್ ದೇವ್ರೂ ಬಂದು ಯಾಕಮ್ಮಿ ಅಂತ ಕೇಳ್ನಿಲ್ಲ."

ಅವಳು ಪೇದೆಯ ಮುಂದೆ ಹೋಗಿ ನಿಂತಳು.

"ಒಳಗೆ ದೇವ್ರ ದೀಪ ಅದೆ ಕಣಪ್ಪ. ಎಣ್ಣೆ ತೀರೋಯ್ತಾ ಅದೆ. ಅಬ್ಬದ್ ದಿನ ಆರೋದ್ರೆ ಒಳ್ಳೇದಲ್ಲ. ನಿಂಗೂ ಮಕ್ಳವೆ ತಾನೆ?"

ಪೇದೆ ಒಳಗೆ ಇಣುಕಿದ. ಎರಡು ದೀಪ ನಿಜವಾಗಿಯೂ ಸಣ್ಣಗಾಗಿದ್ದವು. ಯಾರೂ ಒಳಗೆ ಹೋಗಬಾರದು ಎಂದು ಅವನಿಗೆ ಹೇಳಿದ್ದರು, ದೀಪ ಆರಲಿ ಎಂದು ಯಾರೂ ಹೇಳಿರಲಿಲ್ಲ. ಅವನು ಬೂಟು ಕಳಚಿ ಪಕ್ಕಕ್ಕೆ ಸರಿದು ನಿಂತ. ಸೋಮಮ್ಮ ಒಳಗೆ ಹೋಗಿ ಎರಡೂ ದೀಪಕ್ಕೆ ಎಣ್ಣೆ ಹಾಕಿ, ಬತ್ತಿ ಮುಂದೆ ಮಾಡಿ, ಎದ್ದು, ಗೋಡೆಯ ಕಡೆ ತಿರುಗಿ, ಗಟ್ಟಿಯಾಗಿಯೇ ಕೇಳಿದಳು.

"ಯಾವ್ದು?"

"ಎಡಗಡೆಯಿಂದ ಮೂರ್ನೇದು" ಎಂದ ಪುಟ್ಟಮಲ್ಲಪ್ಪ, ಕೈ ಎರಡೂ ಬೆನ್ನ ಹಿಂದೆ ಕಟ್ಟಿಕೊಂಡು. ಅವನು ಏನನ್ನೂ ಮುಟ್ಟಲಿಲ್ಲ ಎಂಬುದಕ್ಕೆ ನಾವೆಲ್ಲ ಸಾಕ್ಷಿ.

ಎರಡೂ ಐವತ್ತೆರಡಕ್ಕೆ ಡಬ್ಬದ ನಾಲ್ಕು ದೀಪ ಹತ್ತಿದವು. ಚೆಂಡು ಹೂವಿನ ಮಧ್ಯೆ ಅವು ಪಿಳಿಪಿಳಿ ಎನ್ನುವುದನ್ನು ನೋಡಿ ಪೇದೆಯೂ ಕೈಮುಗಿದ. ಹುಡುಗಿ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದಳು.

ಮೂರು ಗಂಟೆಗೆ ಸರಿಯಾಗಿ ಪರದೆಯ ಮೇಲೆ ಮೂರು ಜನ ಮೂಡಿದರು. ನಡುವೆ ಸ್ವೆಟರ್ ಹಾಕಿದ ವಯಸ್ಸಾದ ಪ್ರೊಫೆಸರು. ನಾವು ಕಿಟಕಿಯ ಆಚೆ, ನನ್ನ ಕಿವಿಯ ಹತ್ತಿರ ಮರಿಯಪ್ಪ. ಅಲ್ಲಿ ನಡೆದದ್ದೆಲ್ಲ ಇಂಗ್ಲಿಷು, ಹಾಗಾಗಿ ನಾನು ಮೆಲ್ಲಗೆ ಕನ್ನಡದಲ್ಲಿ ಹೇಳುತ್ತಾ ಹೋದೆ. ಹತ್ತು ನಿಮಿಷ ಪುಸ್ತಕದ ಪ್ರಶ್ನೆ ಕೇಳಿದರು. ಕೆಲವಕ್ಕೆ ಹೇಳಿದಳು, ಕೆಲವಕ್ಕೆ ತಡವರಿಸಿದಳು. ಪಕ್ಕದವರಿಬ್ಬರು ಕಾಗದ ಮಡಚತೊಡಗಿದರು. ಮರಿಯಪ್ಪನ ಉಸಿರು ನನ್ನ ಕತ್ತಿಗೆ ಬಿಸಿಯಾಗಿ ತಾಕುತ್ತಿತ್ತು. ಆಗ ಸ್ವೆಟರಿನವರು ಕನ್ನಡಕ ತೆಗೆದು ಕೇಳಿದರು. "ನಿಮ್ಮ ಕಡೆ ಬೆಳಗಿನಿಂದ ಲೈನು ಸತ್ತಿತ್ತಂತೆ. ಎರಡು ಜಾಗದಲ್ಲಿ ಕಡಿದಿದೆ ಎನ್ನುತ್ತಾರೆ. ನೀನು ಏನು ಹೇಳುತ್ತೀ?"

"ಎಲ್ಲೂ ಕಡಿದಿಲ್ಲ ಸರ್" ಎಂದಳು ಹುಡುಗಿ. "ಹತ್ತೂ ನಲವತ್ತಕ್ಕೆ ಇಲ್ಲಿ ಒಂದು ಸ್ವಿಚ್ಚು ಆಫ್ ಆಯಿತು, ಅದೇ ನಿಮಿಷ ಏಳೂ ಕಡೆ ನಿಂತಿತು. ಎರಡೂ ಐವತ್ತೆರಡಕ್ಕೆ ಆನ್ ಆಯಿತು, ನೀವು ಕಾಣಿಸಿದಿರಿ. ಈ ಮಧ್ಯೆ ಯಾರೂ ಏನೂ ರಿಪೇರಿ ಮಾಡಿಲ್ಲ. ಬಳೆಯಂತೆ ಸುತ್ತ ಲೈನು ಇದ್ದಿದ್ದರೆ ಇನ್ನೊಂದು ದಾರಿಯಲ್ಲಿ ಹೋಗಬೇಕಿತ್ತು. ಹೋಗಲಿಲ್ಲ. ಹಾಗಾದರೆ ಇದು ಬಳೆಯಲ್ಲ ಸರ್, ಬರೀ ದಾರ. ಇನ್ನರ್ಧ ಇರುವುದು ನಕ್ಷೆಯಲ್ಲಿ ಮಾತ್ರ."

ಸ್ವೆಟರಿನವರು ಮುಂದಕ್ಕೆ ಬಾಗಿದರು. ಕಾಗದ ಮಡಚುತ್ತಿದ್ದವರು ಬಿಚ್ಚಿದರು. ಅದೇ ಹೊತ್ತಿಗೆ ಬೆವರು ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದಿದ್ದ ಎಂಜಿನಿಯರ್ ಪ್ರದೀಪ, ಆ ಮಾತು ಕೇಳಿ ಒಳಗೆ ಬರದೆ ಹೊರಗೇ ನಿಂತ.

"ಸ್ವಿಚ್ಚು ಆಫ್ ಮಾಡಿದ್ದು ಯಾರು?"

"ನಮ್ಮ ಮಾವ ಸರ್. ಇವತ್ತು ಉಪಕರಣಗಳಿಗೆ ಪೂಜೆ. ವರ್ಷವೆಲ್ಲ ದುಡಿಯುತ್ತದೆ, ಒಂದು ದಿನ ವಿಶ್ರಾಂತಿ ಇರಲಿ ಎಂದು."

ಪ್ರೊಫೆಸರು ಬಹಳ ಹೊತ್ತು ನಕ್ಕರು. ಆಮೇಲೆ ಹೇಳಿದರು. "ಒಂದು ಕೇಂದ್ರವನ್ನು ಬೇಕೆಂದೇ ನಿಲ್ಲಿಸಿ ಪರೀಕ್ಷೆ ಮಾಡಿ ಎಂದು ನಾನು ವಿದ್ಯಾಜಾಲದ ಸಮಿತಿಯಲ್ಲಿ ಕೂತು ಎರಡು ವರ್ಷದಿಂದ ಬರೆಯುತ್ತಿದ್ದೇನೆ. ಯಾರಿಗೂ ಧೈರ್ಯ ಇರಲಿಲ್ಲ."

"ಏನಂತೆ ಮೇಷ್ಟ್ರೇ, ಏನಂತೆ?" ಎಂದು ಮರಿಯಪ್ಪ ನನ್ನ ತೋಳು ಹಿಂಡಿದ. ಹೇಳಿದೆ. ಅವನು ಹಿಂದಕ್ಕೆ ತಿರುಗಿ ಪುಟ್ಟಮಲ್ಲಪ್ಪನನ್ನು ನೋಡಿದ. ಪಂಚೆಯ ತುಂಬ ಕುಂಕುಮ, ಕೈ ಇನ್ನೂ ಬೆನ್ನ ಹಿಂದೆಯೇ ಇತ್ತು. "ದೇಸ ನಿಂತಿತ್ತು ಕಣ್ಲಾ" ಎಂದ ಮರಿಯಪ್ಪ.

ಮೂರು ವಾರಕ್ಕೆ ಹರ್ಷಿತಾಗೆ ಸೀಟು ಸಿಕ್ಕಿದ ಕಾಗದ ಬಂತು. ಮಿಲ್ಲಿನ ಸ್ಟೂಲನ್ನು ಮರಿಯಪ್ಪ ಯಾರಿಗೋ ಕೊಟ್ಟುಬಿಟ್ಟ. ಜಾಲ ಕಚೇರಿಯ ವರದಿಯೂ ಬಂತು. ಅದರಲ್ಲಿ ಅಡಚಣೆಗೆ ಕಾರಣ ‘ವನ್ಯಜೀವಿಗಳ ಚಲನವಲನ’ ಎಂದಿತ್ತು. ತನ್ನ ಹೆಸರು ಎಲ್ಲಾದರೂ ಇದೆಯೇ ಎಂದು ಪುಟ್ಟಮಲ್ಲಪ್ಪ ನನ್ನಿಂದ ಮೂರು ಸಲ ಓದಿಸಿದ. ಇರಲಿಲ್ಲ. ವರದಿಯಲ್ಲಿ ಏನೇ ಇರಲಿ, ಪುಷ್ಯ ಮಾಸದಲ್ಲಿ ನೆಲ ಅಗೆಯುವ ಯಂತ್ರಗಳು ಬಂದವು. ಯಾರೂ ಬಾಯಿ ಬಿಡದೆ, ಹಗಲೂ ರಾತ್ರಿ ಅಗೆದು, ನಕ್ಷೆಯಲ್ಲಿದ್ದ ಇನ್ನರ್ಧವನ್ನು ನೆಲದೊಳಗೆ ಹೂತು ಹೋದರು. ಬಳೆ ಕೂಡಿಕೊಂಡಿತು.

ಆದರೆ ಬೀದಿಗೆ ಗೊತ್ತಾದದ್ದು ಒಂದೇ ವಿಷಯ. ಪುಟ್ಟಮಲ್ಲಪ್ಪ ಡಬ್ಬ ಆಫ್ ಮಾಡಿದ, ಮರಿಯಪ್ಪನ ಮಗಳಿಗೆ ಸೀಟು ಸಿಕ್ಕಿತು.

ಮೊನ್ನೆ ಸಂಜೆ ನಾನೂ ಅವನೂ ಅವನ ಜಗುಲಿಯ ಮೇಲೆ ಕೂತಿದ್ದಾಗ ಅಪ್ಸರ್ ಪಾಷಾನ ಹೆಂಡತಿ ರಹಮತ್ ಬಿ ಮಗಳು ಮಹೀನಳನ್ನು ಕರೆದುಕೊಂಡು ಬಂದಳು. ಕೈಯಲ್ಲಿ ಒಂದು ಡಬ್ಬಿ ಖೀರು.

"ಅಣ್ಣ, ನಮ್ಮ ಮಹೀನ್‌ದು ಹದಿನಾಲ್ಕನೇ ತಾರೀಕು ಇಂಟರ್ವ್ಯೂ ಇದೆ. ನೀವು ಬೆಳಿಗ್ಗೆ ಹತ್ತೂ ನಲವತ್ತಕ್ಕೆ ಆಫ್ ಮಾಡಿ, ಮೂರು ಗಂಟೆಗೆ ಸ್ವಲ್ಪ ಮುಂಚೆ ಆನ್ ಮಾಡ್ಬೇಕು. ಹರ್ಷಿತಾಗೆ ಮಾಡಿದ ಹಾಗೇ."

ಪುಟ್ಟಮಲ್ಲಪ್ಪ ಖೀರಿನ ಡಬ್ಬಿಯನ್ನು ಹಿಂದಕ್ಕೆ ಸರಿಸಿದ. "ಆಗಲ್ಲ ಕಣಕ್ಕ."

"ಅವಳು ನಿಮ್ಮ ಸಂಬಂಧ, ನಮ್ಮವಳು ಬೇರೇನಾ ಅಣ್ಣ?"

"ಅಂಗಲ್ಲ." ಅವನು ಹೆಗಲ ಮೇಲಿನ ಟವೆಲ್ಲಿನ ತುದಿಯನ್ನು ಸುತ್ತಿದ, ಬಿಚ್ಚಿದ. "ಎರಡ್ನೇ ಲೈನು ಬಂದ್ಬುಡ್ತು. ಈಗ ನಾನು ವರ್ಸೆಲ್ಲಾ ಆಫ್ ಮಾಡ್ಕಂಡು ಕೂತ್ರೂ ದೇಸಕ್ಕೆ ಗೊತ್ತೇ ಆಗಲ್ಲ."

ಇದನ್ನು ಅವನು ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು. ನಾನು ಬೇರೆ ಕಡೆ ನೋಡಿದೆ. ರಹಮತ್ ಬಿ ಕೇಳಿದಳು.

"ಆನ್ ಇದ್ರೆ ನಮ್ಮ ಹುಡುಗಿ ಮಾತು ಅವರಿಗೆ ಕೇಳಿಸುತ್ತಾ?"

"ಕೇಳಿಸ್ತದೆ."

"ಮತ್ತೆ ಅಷ್ಟೇ ಅಲ್ವಾ ನಮಗೆ ಬೇಕಾಗಿದ್ದು? ಆನ್ ಮಾಡೇ ಇಟ್ಟಿರಿ ಅಣ್ಣ" ಎಂದು ಖೀರಿನ ಡಬ್ಬಿಯನ್ನು ಅವನ ತೊಡೆಯ ಮೇಲಿಟ್ಟು ಎದ್ದಳು.

ಹದಿನಾಲ್ಕನೇ ತಾರೀಕು ಬೆಳಗ್ಗೆ ಆರಕ್ಕೇ ಪುಟ್ಟಮಲ್ಲಪ್ಪ ಕಾಲೇಜಿಗೆ ಬಂದ. ಸ್ಟೋರ್ ರೂಮಿನೊಳಗೆ ಕುರ್ಚಿ ಹಾಕಿ, ಏಸಿಯ ಚಳಿಗೆ ಕಂಬಳಿ ಹೊದ್ದು, ಎಡಗಡೆಯಿಂದ ಮೂರನೆಯ ಸ್ವಿಚ್ಚಿನ ಪಕ್ಕದಲ್ಲಿ ಯಾರೂ ಅದನ್ನು ಮುಟ್ಟದ ಹಾಗೆ ಕೂತ. ಊಟಕ್ಕೆ ಕರೆದರೂ ಏಳಲಿಲ್ಲ. ಮೂರೂವರೆಗೆ ಮಹೀನ್ ನಗುತ್ತಾ ಕೆಳಗೆ ಇಳಿದು ಬಂದ ಮೇಲೆಯೇ ಕೈ ತೊಳೆಯಲು ಹೋದ.